ರೇಂಜ್ ಇದೆ, ಕೆಲಸ ಆಗುವುದಿಲ್ಲ: ವೈರ್‌ಲೆಸ್ ಸಾಧನ ಮತ್ತು ರೇಡಿಯೊ ಅಡಚಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಮಾತಿನಲ್ಲಿ ಸಿಗ್ನಲ್ ಎಂದರೆ ‘ರೇಂಜ್’. ರೇಂಜ್ ಇಲ್ಲದಿರುವುದು ಒಂದು ತೊಂದರೆ, ರೇಂಜ್ ಇದ್ದೂ ಅದು ಗದ್ದಲದಲ್ಲಿ ಮುಳುಗಿಹೋಗುವುದು ಇನ್ನೊಂದು. ಮೊದಲನೆಯದಕ್ಕೆ ದೂರ, ಗುಡ್ಡ, ಗೋಡೆ ಕಾರಣ. ಎರಡನೆಯದಕ್ಕೆ ಹತ್ತಿರದಲ್ಲೇ ಇರುವ ಯಾವುದೋ ಸಾಧನ ಕಾರಣ, ಮತ್ತು ಅದು ಹೆಚ್ಚಿನ ಸಲ ನಮ್ಮದೇ ಮನೆಯದ್ದು, ನಮ್ಮದೇ ಬೋಟಿನದ್ದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ‘ಇದನ್ನು ಕೊಳ್ಳಿ’ ಎನ್ನುವುದಕ್ಕಿಂತ ‘ಇದನ್ನು ಆರಿಸಿ ನೋಡಿ’ ಎನ್ನುವುದೇ ಹೆಚ್ಚು.

ಬೆಳಗ್ಗೆ ಸರಿ ಇರುವ ವೈಫೈ ರಾತ್ರಿ ಎಂಟು ಗಂಟೆಗೆ ಯಾಕೆ ಕುಂಟುತ್ತದೆ?

ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ವಯರಿನಲ್ಲಿ ನೇರ ರೂಟರಿಗೆ ಸಿಕ್ಕಿಸಿ, ಅದೇ ಎಂಟು ಗಂಟೆಗೆ ವೇಗ ನೋಡಿ. ವಯರಿನಲ್ಲೂ ನಿಧಾನ ಎಂದಾದರೆ ತೊಂದರೆ ಲೈನಿನದ್ದು, ಗಾಳಿಯದ್ದಲ್ಲ. ಕೇಬಲಿನವರಿಗೆ ಫೋನ್ ಮಾಡಿ, ಮುಂದಿನದನ್ನು ಓದಬೇಕಾಗಿಲ್ಲ.

ವಯರಿನಲ್ಲಿ ಸರಿ ಇದ್ದು ವೈಫೈಯಲ್ಲಿ ಮಾತ್ರ ನಿಧಾನವೋ? ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟಿನಲ್ಲಿ ಕುಳಿತು ಫೋನಿನ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಹದಿನೈದು ಇಪ್ಪತ್ತು ಹೆಸರು ಕಾಣುತ್ತವೆ. ಆ ಪೈಕಿ ಹಳೆಯ 2.4 ಗಿಗಾಹರ್ಟ್ಸ್ ಬ್ಯಾಂಡಿನವೆಲ್ಲ 2400ರಿಂದ 2483.5 ಮೆಗಾಹರ್ಟ್ಸ್ ಒಳಗೇ ಮಾತಾಡಬೇಕು. ಅಲ್ಲಿ ಚಾನಲ್ ಸಂಖ್ಯೆ 1ರಿಂದ 13ರವರೆಗೆ ಇದೆ ನಿಜ, ಆದರೆ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಬರೀ 5 ಮೆಗಾಹರ್ಟ್ಸ್. ಒಂದು ವೈಫೈ ಹರಡಿಕೊಳ್ಳುವ ಅಗಲ ಸುಮಾರು 20. ಅಂದರೆ ಒಂದಕ್ಕೊಂದು ತಾಗದಂತೆ ಕೂರುವುದು ಮೂರೇ: 1, 6, 11.

ಇಲ್ಲಿ ಜನ ಮಾಡುವ ತಪ್ಪೊಂದಿದೆ. 6ರಲ್ಲಿ ನಾಲ್ಕು ರೂಟರ್, 11ರಲ್ಲಿ ಐದು ಕಂಡಾಗ ‘8 ಖಾಲಿ ಇದೆಯಲ್ಲ’ ಎಂದು ಅಲ್ಲಿಗೆ ಹೋಗುತ್ತಾರೆ. ಒಂದೇ ಚಾನಲ್‌ನಲ್ಲಿರುವ ರೂಟರುಗಳು ಒಂದರ ಮಾತು ಒಂದು ಕೇಳಿಸಿಕೊಂಡು ಸರದಿಯಲ್ಲಿ ನಿಲ್ಲುತ್ತವೆ. 8ರಲ್ಲಿ ಕೂತರೆ 6ರವರಿಗೂ 11ರವರಿಗೂ ನೀವು ಅರ್ಥವಾಗದ ಗದ್ದಲ, ನಿಮಗೆ ಅವರೂ ಹಾಗೆಯೇ. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುವುದರಲ್ಲಿ ಹೊತ್ತು ಹೋಗುತ್ತದೆ. ಸರದಿಯೇ ಮೇಲು.

ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ತೆರೆಯಿರಿ, ಯಾವುದು ಎಂಬುದು ರೂಟರಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. 2.4 ಗಿಗಾಹರ್ಟ್ಸ್ ಪುಟದಲ್ಲಿ ಚಾನಲನ್ನು ‘ಆಟೊ’ದಿಂದ ತೆಗೆದು 1, 6, 11ರಲ್ಲಿ ಅತಿ ಕಡಿಮೆ ಜನ ಇರುವಲ್ಲಿಗೆ ಹಾಕಿ. ಅಗಲವನ್ನು 40ರಿಂದ 20ಕ್ಕೆ ಇಳಿಸಿ. ಫ್ಲ್ಯಾಟಿನಲ್ಲಿ 40 ಇಟ್ಟುಕೊಳ್ಳುವುದು ಓಣಿಯ ಮಧ್ಯೆ ಕಾರು ನಿಲ್ಲಿಸಿದಂತೆ. ಟಿವಿ, ಲ್ಯಾಪ್‌ಟಾಪ್, ಹೊಸ ಫೋನುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಕಳಿಸಿಬಿಡಿ.

5 ಗಿಗಾಹರ್ಟ್ಸ್ ಹಾಕಿದರೆ ಒಳಗಿನ ಕೋಣೆಗೆ ಬರುವುದೇ ಇಲ್ಲವಲ್ಲ?

ಕಾರಣ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ. ದಪ್ಪ ಹೆಚ್ಚು, ಕಲ್ಲಿನ ರಂಧ್ರಗಳಲ್ಲಿ ಮಳೆಗಾಲದ ತೇವ ಬೇರೆ. ಫ್ರೀಕ್ವೆನ್ಸಿ ಏರಿದಷ್ಟೂ ಇಂಥ ಗೋಡೆ ದಾಟುವುದು ಕಷ್ಟ. ಹಂಚಿನ ಮಾಡಿನ ಹಳೆಮನೆಗಳಲ್ಲಿ ಅಟ್ಟದ ಮೇಲಿಂದ ಸಿಗ್ನಲ್ ಸಲೀಸಾಗಿ ಹೊರಗೂ ಹೋಗುತ್ತದೆ. ಟೆರೇಸಿಗೆ ತಗಡಿನ ಶೀಟ್ ಹೊದಿಸಿದ ಮನೆಗಳಲ್ಲಿ ಮೇಲಿನಿಂದ ಬರಬೇಕಾದ ಮೊಬೈಲ್ ರೇಂಜ್ ಅರ್ಧ ಅಲ್ಲೇ ನಿಂತಿರುತ್ತದೆ. ರೂಟರನ್ನು ಟಿವಿ ಕಪಾಟಿನ ಒಳಗಿಂದ ತೆಗೆದು ಬಾಗಿಲುಗಳು ಎದುರುಬದುರು ಬರುವ ಜಾಗದಲ್ಲಿ, ಆಳೆತ್ತರದಲ್ಲಿ ಇಡಿ. ಆಮೇಲೂ ಸಾಲದಿದ್ದರೆ ಒಳಕೋಣೆಗೆ ಲ್ಯಾನ್ ವಯರ್ ಎಳೆದು ಅಲ್ಲೊಂದು ಎರಡನೇ ರೂಟರ್ ಇಡುವುದೇ ಗಟ್ಟಿ ದಾರಿ. ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಎಕ್ಸ್‌ಟೆಂಡರ್ ಕೇಳಿಸಿಕೊಂಡದ್ದನ್ನೇ ಅದೇ ಚಾನಲ್‌ನಲ್ಲಿ ಮತ್ತೆ ಕೂಗುತ್ತದೆ. ಗಾಳಿ ಅರ್ಧ ಅದರಲ್ಲೇ ಮುಗಿಯುತ್ತದೆ.

5 ಗಿಗಾಹರ್ಟ್ಸ್ ಆಗಾಗ ಒಂದು ನಿಮಿಷ ಮಾಯವಾಗಿ ಮತ್ತೆ ಬರುತ್ತದೆಯೆ? 52ರಿಂದ 144ರವರೆಗಿನ ಚಾನಲ್‌ಗಳಲ್ಲಿ ರೂಟರ್ ರೇಡಾರಿಗೆ ದಾರಿ ಬಿಡಬೇಕೆಂಬ ನಿಯಮವಿದೆ. ರೇಡಾರಿನಂಥದ್ದು ಕೇಳಿಸಿದರೆ ಚಾನಲ್ ಬಿಟ್ಟು, ಹೊಸ ಜಾಗದಲ್ಲಿ 60 ಸೆಕೆಂಡ್ ಕಿವಿಗೊಟ್ಟು, ಆಮೇಲಷ್ಟೇ ಮಾತಾಡುತ್ತದೆ. 36ರಿಂದ 48 ಅಥವಾ 149ರಿಂದ 165ರೊಳಗೆ ಹಾಕಿಕೊಂಡರೆ ಈ ಕಾಟ ಇಲ್ಲ.

ವೈರ್‌ಲೆಸ್ ಮೌಸ್ ಬಿಟ್ಟು ಬಿಟ್ಟು ಓಡುತ್ತದೆ. ಹೊಸ ಸೆಲ್ ಹಾಕಿದರೂ ಹಾಗೆಯೇ.

ಪಕ್ಕದ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕೋ ಪೆನ್‌ಡ್ರೈವೋ ಇದೆಯೇ ನೋಡಿ. ಯುಎಸ್‌ಬಿ 3.0 ಓಡುವಾಗ ಅದರಿಂದ ಸೋರುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಸುತ್ತ ಬೀಳುತ್ತದೆ. ಮೌಸ್ ಇರುವುದೂ ಅಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳತೆ ಸಮೇತ ಬರೆದಿಟ್ಟಿದೆ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ವಯರಿಗೆ ಮೌಸಿನ ರಿಸೀವರನ್ನು ಸಿಕ್ಕಿಸಿ, ಮೌಸ್‌ಪ್ಯಾಡಿನ ಹತ್ತಿರ ತಂದಿಡಿ. ಅಷ್ಟೇ.

ಮೈಕ್ರೋವೇವ್ ಹಾಕಿದಾಗ ವೈಫೈ ನಿಲ್ಲುತ್ತದೆ. ಒಲೆ ಸೋರುತ್ತಿದೆಯೇ, ಅಪಾಯವೇ?

ಸ್ವಲ್ಪ ಸೋರುತ್ತಿದೆ, ಎಲ್ಲವೂ ಸೋರುತ್ತವೆ. ಒಳಗೆ ಓಡುತ್ತಿರುವುದು 2450 ಮೆಗಾಹರ್ಟ್ಸ್‌ನಲ್ಲಿ ನೂರಾರು ವ್ಯಾಟ್, ರೂಟರಿನದ್ದು ಒಂದು ವ್ಯಾಟಿನ ಚೂರು. ಸೋರಿಕೆಗೆ ಇರುವ ಮಿತಿ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್. ಅದಕ್ಕಿಂತ ಬಹಳ ಕಡಿಮೆ ಸೋರಿದರೂ ವೈಫೈಗೆ ಸಾಕು ತಲೆಕೆಡಲು. ಆದರೆ ಬಾಗಿಲು ಓರೆಯಾಗಿದ್ದರೆ, ಅಂಚು ತುಕ್ಕು ಹಿಡಿದಿದ್ದರೆ, ಗಾಜಿನ ಒಳಗಿನ ಜಾಲರಿ ಹರಿದಿದ್ದರೆ ಅದನ್ನು ಬಳಸಬೇಡಿ. ಸಮುದ್ರದ ಗಾಳಿಯಲ್ಲಿ ಬಾಗಿಲಿನ ಕೆಳಅಂಚು ಬೇಗ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು.

ಎಫ್‌ಎಂನಲ್ಲಿ ಮಂಗಳೂರು ಆಕಾಶವಾಣಿ 100.3 ಹಾಕಿದರೆ ಸಂಜೆ ಮೇಲೆ ಬರೀ ‘ಜುಂಯ್’ ಶಬ್ದ. ಪಕ್ಕದ ಮನೆಯವರ ಕೆಲಸವೇ?

ಪಕ್ಕದ ಮನೆಗೆ ಹೋಗುವ ಮೊದಲು ನಿಮ್ಮ ಮೀಟರ್ ಬೋರ್ಡಿಗೆ ಹೋಗಿ. ಬೇಕಾದದ್ದು ಸೆಲ್ ಹಾಕಿದ ಸಣ್ಣ ರೇಡಿಯೊ, ಒಬ್ಬ ಸಹಾಯಕ, ಅರ್ಧ ಗಂಟೆ.

ಶಬ್ದ ಬರುತ್ತಿರುವ ಹೊತ್ತಿನಲ್ಲೇ ರೇಡಿಯೊ ಹಚ್ಚಿಟ್ಟು, ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಇದನ್ನು ಮರೆತು ‘ಮೇನ್ ಇಳಿಸಿದರೂ ಹೋಗಲಿಲ್ಲ’ ಎನ್ನುವವರೇ ಹೆಚ್ಚು. ಶಬ್ದ ನಿಂತಿತೋ, ಕಳ್ಳ ಮನೆಯೊಳಗೇ ಇದ್ದಾನೆ. ಈಗ ಎಂಸಿಬಿಗಳನ್ನೆಲ್ಲ (ಬೋರ್ಡಿನಲ್ಲಿ ಸಾಲಾಗಿರುವ ಸಣ್ಣ ಸ್ವಿಚ್ಚುಗಳು) ಇಳಿಸಿ, ಮೇನ್ ಏರಿಸಿ, ಅವನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಶಬ್ದ ಮರಳುತ್ತದೋ ಆ ಸಾಲಿನ ಬಲ್ಬ್, ಚಾರ್ಜರ್, ಅಡಾಪ್ಟರುಗಳನ್ನು ಒಂದೊಂದೇ ತೆಗೆಯಿರಿ. ಕೊನೆಯ ಹಂತದಲ್ಲಿ ರೇಡಿಯೊವನ್ನು ಎಎಂಗೆ ತಿರುಗಿಸಿ, ಸ್ಟೇಷನ್ ಇಲ್ಲದ ಜಾಗದಲ್ಲಿ ನಿಲ್ಲಿಸಿ, ಸ್ವಿಚ್ ಬೋರ್ಡಿನಿಂದ ಸ್ವಿಚ್ ಬೋರ್ಡಿಗೆ ಒಯ್ಯಿರಿ. ಗದ್ದಲ ಮಾಡುವ ವಸ್ತುವಿನ ಒಂದಡಿ ಹತ್ತಿರ ಬಂದಾಗ ರೇಡಿಯೊ ಕಿರುಚುತ್ತದೆ.

ಸಿಕ್ಕುವುದು ಸಾಮಾನ್ಯವಾಗಿ ಹೆಸರಿಲ್ಲದ ಎಲ್‌ಇಡಿ ಬಲ್ಬ್, ಅಂಗಳದ ಫ್ಲಡ್‌ಲೈಟ್, ಸೆಟ್‌ಟಾಪ್ ಬಾಕ್ಸಿನ ಬದಲಿ ಅಡಾಪ್ಟರ್. ಇವುಗಳೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಸರ್ಕ್ಯೂಟ್ ಇರುತ್ತದೆ. ಆ ಕಡಿತದ ಗದ್ದಲ ಹೊರಹೋಗದಂತೆ ತಡೆಯಲು ಸಣ್ಣದೊಂದು ಕಾಯಿಲ್, ಒಂದೆರಡು ಕೆಪಾಸಿಟರ್ ಬೇಕು. ಖರ್ಚು ಉಳಿಸಲು ಮೊದಲು ಬಿಡುವುದು ಅದನ್ನೇ. ಹೊರಬಿದ್ದ ಗದ್ದಲಕ್ಕೆ ಮನೆಯ ವಯರಿಂಗೇ ಆಂಟೆನಾ.

ಬಲ್ಬ್ ಆದರೆ ಬದಲಿಸಿ. ಅಡಾಪ್ಟರಾದರೆ ವಯರಿಗೆ ಫೆರೈಟ್ ಕ್ಲಿಪ್, ಅಂದರೆ ಗದ್ದಲ ತಡೆಯುವ ಉಂಗುರದಂಥ ತುಂಡು, ಹಾಕಬಹುದು. ಅದನ್ನು ಅಡಾಪ್ಟರಿನ ತುದಿಯಲ್ಲೇ ಹಾಕಿ, ಮತ್ತು ವಯರನ್ನು ಒಂದೇ ಸಲ ತೂರಿಸಿ ಬಿಡಬೇಡಿ. ತಡೆ ಏರುವುದು ಸುತ್ತಿನ ವರ್ಗದ ಲೆಕ್ಕದಲ್ಲಿ: ಮೂರು ಸುತ್ತಿಗೆ ಹತ್ತಿರಹತ್ತಿರ ಒಂಬತ್ತು ಪಟ್ಟು. ದೊಡ್ಡ ತೂತಿನ ಕ್ಲಿಪ್ ತಂದು ಮೂರು ಸುತ್ತು ಸುತ್ತಿ.

ಬೋಟಿನ ವಿಎಚ್‌ಎಫ್ ಸೆಟ್ (ಬೋಟಿನಿಂದ ಬೋಟಿಗೆ ಮಾತಾಡುವ ರೇಡಿಯೊ) ದಕ್ಕೆಯಲ್ಲಿ ಚೆನ್ನಾಗಿ ಕೇಳುತ್ತದೆ, ರಾತ್ರಿ ಸಮುದ್ರದಲ್ಲಿ ದೂರದ ಬೋಟ್ ಕೇಳುವುದಿಲ್ಲ.

ಡೆಕ್ಕಿನ ಎಲ್‌ಇಡಿ ದೀಪಗಳನ್ನು ಸಂಶಯಿಸಿ. (ಮೀನು ಕೂಡಿಸಲು ಬಿಡುವ ಎಲ್‌ಇಡಿ ದೀಪದ ಮಾತಲ್ಲ ಇದು. ಅದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಬಲೆ ಎಳೆಯುವಾಗ ಹಚ್ಚುವ ಸಾಮಾನ್ಯ ದೀಪದ ಮಾತು.) ಈ ಅಡಚಣೆಯಲ್ಲಿ ಶಬ್ದವೇ ಬರುವುದಿಲ್ಲ, ಅದೇ ಅಪಾಯ. ಸೆಟ್ಟಿನ ಸ್ಕ್ವೆಲ್ಚ್, ಅಂದರೆ ಕ್ಷೀಣ ಶಬ್ದವನ್ನು ಸ್ಪೀಕರಿಗೆ ಬಿಡದ ಏರ್ಪಾಡು, ಗದ್ದಲವನ್ನು ಮುಚ್ಚಿಡುತ್ತದೆ, ಅದರ ಜೊತೆ ದೂರದ ಬೋಟಿನ ಕ್ಷೀಣ ಕರೆಯನ್ನೂ. ತಾಂಡೇಲರಿಗೆ (ಬೋಟ್ ನಡೆಸುವವರಿಗೆ) ಸೆಟ್ ಸುಮ್ಮನಿದೆ ಎನಿಸುತ್ತದೆ, ನಿಜದಲ್ಲಿ ಅದು ಕಿವುಡಾಗಿರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿ ಪರೀಕ್ಷೆಯ ಕ್ರಮವನ್ನೂ ಕೊಟ್ಟಿತ್ತು. ಮಲ್ಪೆಯಲ್ಲಿ ಕಟ್ಟಿಹಾಕಿದಲ್ಲೇ ಐದು ನಿಮಿಷದಲ್ಲಿ ಮಾಡಬಹುದು:

1. ಎಲ್ಲ ಎಲ್‌ಇಡಿ ದೀಪ ಆರಿಸಿ.
2. ಯಾರೂ ಮಾತಾಡದ ಚಾನಲ್‌ಗೆ ಸೆಟ್ ಹಾಕಿ. 16 ಬೇಡ, 156.8 ಮೆಗಾಹರ್ಟ್ಸ್‌ನ ಆ ಚಾನಲ್ ಆಪತ್ತಿನ ಕರೆಗೆ ಮೀಸಲು.
3. ಸ್ಕ್ವೆಲ್ಚ್ ಗುಂಡಿಯನ್ನು ‘ಶ್‌ಶ್’ ಎಂಬ ಶಬ್ದ ಬರುವವರೆಗೆ ತಿರುಗಿಸಿ, ಆಮೇಲೆ ಶಬ್ದ ಆಗಷ್ಟೇ ನಿಲ್ಲುವ ಜಾಗಕ್ಕೆ ತಂದು ಬಿಡಿ. ಒಂದು ಕೂದಲೆಳೆ ಹೆಚ್ಚೂ ಬೇಡ.
4. ದೀಪಗಳನ್ನು ಒಂದೊಂದಾಗಿ ಹಚ್ಚಿ. ಯಾವ ದೀಪಕ್ಕೆ ‘ಶ್‌ಶ್’ ಮರಳುತ್ತದೋ ಅದೇ ಅಪರಾಧಿ.

ಅಪರಾಧಿಯನ್ನು ಬದಲಿಸಿ, ಇಲ್ಲವೇ ವಿಎಚ್‌ಎಫ್ ಆಂಟೆನಾದಿಂದ ಸಾಧ್ಯವಿದ್ದಷ್ಟು ದೂರಕ್ಕೆ ಸರಿಸಿ. ದೂರ ಎರಡು ಪಟ್ಟಾದರೆ ಗದ್ದಲದ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದೀಪದ ವಯರನ್ನು ಆಂಟೆನಾ ಕೇಬಲಿನ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಿದ್ದರೆ ಬಿಡಿಸಿ. ಬದಲಿಸುವವರೆಗೆ ಒಂದು ನಿಯಮ: ಆಪತ್ತಿನ ಕರೆ ಮಾಡುವಾಗ ಮತ್ತು ಉತ್ತರಕ್ಕೆ ಕಾಯುವಾಗ ಆ ದೀಪ ಆರಿರಬೇಕು. ಬೋಟುಗಳ ಗುರುತು ತೋರುವ ಎಐಎಸ್ ಕೂಡ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಇದೇ ನೆರೆಯಲ್ಲಿ ಇರುವುದರಿಂದ ಅದೂ ಕುರುಡಾಗುತ್ತದೆ. ಮೊಬೈಲ್ ರೇಂಜ್ ಇರುವ ದಂಡೆಯ ಹತ್ತಿರವಾದರೆ ಭಾರತೀಯ ಕೋಸ್ಟ್ ಗಾರ್ಡಿನ ಸಂಖ್ಯೆ 1554.

ಜಿಪಿಎಸ್ ಬಂದರಿನೊಳಗೆ ಮಾತ್ರ ಕೈಕೊಡುತ್ತದೆ. ಇದೂ ದೀಪವೇ?

ದೀಪ ಆಗಿರಬಹುದು, ಟಿವಿಯೂ ಆಗಿರಬಹುದು. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎಂಬ ಬಂದರಿನಲ್ಲಿ ಜಿಪಿಎಸ್ ಕೆಟ್ಟು ಹುಡುಕಿದಾಗ ಸಿಕ್ಕಿದ್ದು ಬೋಟುಗಳ ಟಿವಿ ಆಂಟೆನಾದೊಳಗಿನ ಬೂಸ್ಟರುಗಳು. ಕೆಟ್ಟ ಬೂಸ್ಟರ್ ತಾನೇ ಕೂಗತೊಡಗುತ್ತದೆ, ಟಿವಿ ಆರಿದ್ದರೂ. ಉಪಗ್ರಹದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಇಳಿದು ಬರುವ ಸಿಗ್ನಲ್ ಎಷ್ಟು ಕ್ಷೀಣ ಎಂದರೆ ಇಂಥ ಒಂದು ಪಿಸುಮಾತೂ ಅದನ್ನು ಮುಚ್ಚಬಲ್ಲದು. ಬೂಸ್ಟರಿನ ಅಡಾಪ್ಟರನ್ನು ಕಿತ್ತು ನೋಡಿ.

ಬಯಲಾಟಕ್ಕೆ ವೈರ್‌ಲೆಸ್ ಮೈಕ್ ಹಾಕಿದರೆ ಜನ ಸೇರಿದ ಮೇಲೆ ಕಡಿದು ಕಡಿದು ಬರುತ್ತದೆ. ಸಂಜೆ ಟೆಸ್ಟ್ ಮಾಡುವಾಗ ಸರಿ ಇತ್ತು.

ಭಾಗವತರು ರಾತ್ರಿಯಿಡೀ ಕೂರುವುದು ಒಂದೇ ಜಾಗದಲ್ಲಿ. ಅವರಿಗೆ, ಚೆಂಡೆ ಮದ್ದಳೆಗೆ ವಯರಿನ ಮೈಕೇ ಇರಲಿ. ವೈರ್‌ಲೆಸ್ ಬೇಕಾದ್ದು ಓಡಾಡುವವರಿಗೆ ಮಾತ್ರ. ಎಷ್ಟು ಕಡಿಮೆ ವೈರ್‌ಲೆಸ್ಸೋ ಅಷ್ಟು ಕಡಿಮೆ ತಲೆನೋವು.

ಸಂಜೆ ಬಯಲು ಖಾಲಿ, ರಾತ್ರಿ ಅಲ್ಲಿ ಸಾವಿರ ಫೋನು. ನಿಮ್ಮ ಮೈಕ್ 2.4 ಗಿಗಾಹರ್ಟ್ಸ್‌ನದ್ದಾದರೆ ಅವೆಲ್ಲದರ ವೈಫೈ, ಬ್ಲೂಟೂತ್ ಜೊತೆ ಗುದ್ದಾಡಬೇಕು. ಜನರ ಮೈ ಎಂದರೆ ಉಪ್ಪುನೀರು, ಅದೂ ಸಿಗ್ನಲ್ ಕುಡಿಯುತ್ತದೆ. ರಿಸೀವರನ್ನು ಸೌಂಡಿನವರ ಮೇಜಿನಲ್ಲಿ, ಸಭೆಯ ಆಚೆ ತುದಿಯಲ್ಲಿ ಇಡುವ ರೂಢಿ ಬಿಡಿ. ರಂಗಸ್ಥಳದ ಬದಿಯ ಕಂಬಕ್ಕೆ, ತಲೆಗಿಂತ ಎತ್ತರದಲ್ಲಿ ಕಟ್ಟಿ, ಅಲ್ಲಿಂದ ಮಿಕ್ಸರಿಗೆ ಆಡಿಯೊ ವಯರ್ ಎಳೆಯಿರಿ. ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಮಿಟರ್ ಆದರೆ ಅದರ ಆಂಟೆನಾ ಬೆವರಿದ ಮೈಗೆ, ಜರಿಗೆ ತಾಗದಂತೆ ನೇರ ಬಿಡಬೇಕು.

ಯುಎಚ್‌ಎಫ್ ಮೈಕ್ (ವೈಫೈಗಿಂತ ಕೆಳಗಿನ ಫ್ರೀಕ್ವೆನ್ಸಿಯದ್ದು) ಕೊಳ್ಳುವಾಗ ಡಬ್ಬದ ಮೇಲಿನ ಫ್ರೀಕ್ವೆನ್ಸಿ ಓದಿ. 703ರಿಂದ 748, 758ರಿಂದ 803 ಮೆಗಾಹರ್ಟ್ಸ್ ಈಗ ಮೊಬೈಲಿನ 700ರ ಬ್ಯಾಂಡ್. ಅಲ್ಲಿ ಕೂರುವ ಹಳೆಯ ಸೆಟ್ ಅಗ್ಗಕ್ಕೆ ಸಿಕ್ಕರೆ ಅದು ಯಾಕೆ ಅಗ್ಗ ಎಂದು ತಿಳಿದಿರಲಿ.

ಮೂರು ಮೈಕ್ ಒಟ್ಟಿಗೆ ಹಾಕಿದಾಗ ಮಾತ್ರ ಕೆಡುವುದಾದರೆ ಕಾರಣ ಲೆಕ್ಕದಲ್ಲಿದೆ. ಎರಡು ಟ್ರಾನ್ಸ್‌ಮಿಟರ್ ಹತ್ತಿರ ಬಂದಾಗ ಮೂರನೆಯ ಭೂತವೊಂದು ಹುಟ್ಟುತ್ತದೆ: ಒಂದರ ಫ್ರೀಕ್ವೆನ್ಸಿಯ ಇಮ್ಮಡಿಯಿಂದ ಇನ್ನೊಂದರದ್ದನ್ನು ಕಳೆದಷ್ಟು. ಲೆಕ್ಕಕ್ಕೆಂದು 650.0, 650.4, 650.8 ಎಂದು ಸಮ ಅಂತರದಲ್ಲಿ ಇಟ್ಟರೆ 650.4ರ ಇಮ್ಮಡಿ 1300.8, ಅದರಿಂದ 650.0 ಕಳೆದರೆ 650.8. ಭೂತ ನೇರ ಮೂರನೇ ಮೈಕಿನ ತಲೆಯ ಮೇಲೆ. ಮೂರನೆಯದನ್ನು 651.2ಕ್ಕೆ ಸರಿಸಿದರೆ ಯಾವ ಜೋಡಿಯೂ ಯಾರ ಮೇಲೂ ಬೀಳುವುದಿಲ್ಲ. ಸಮ ಅಂತರ ನೋಡಲು ಚಂದ, ಮೈಕಿಗೆ ಶತ್ರು.

ವಯರಿನ ಮೈಕಿನಲ್ಲೂ ‘ಟಿಟ್ಟಿಟ್ಟಿ ಟರ್‌ರ್’ ಬಂದರೆ ಅದು ಯಾರದೋ ಕಿಸೆಯ 2ಜಿ ಫೋನ್. ಆ ಫೋನ್ ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಕಳಿಸುವುದರಿಂದ ಆ ಸ್ವರ. ಫೋನನ್ನು ಮೈಕ್ ಮತ್ತು ಮಿಕ್ಸರಿನಿಂದ ಎರಡು ಮೀಟರ್ ದೂರ ಇಡಿಸಿ.

ರಥೋತ್ಸವ, ಕಂಬಳದ ಸ್ವಯಂಸೇವಕರಿಗೆ ಆನ್‌ಲೈನ್‌ನಲ್ಲಿ ವಾಕಿಟಾಕಿ ತರಿಸಬಹುದೇ?

ಯಾವುದನ್ನು ತರಿಸುತ್ತೀರಿ ಎಂಬುದರ ಮೇಲೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರಿಂದ ಲೈಸನ್ಸ್ ಬೇಡ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ (ಸಾಧನದ ಮಾದರಿಗೆ ಕೊಡುವ) ಅನುಮೋದನೆ ಇರಬೇಕು. ‘136ರಿಂದ 174, 400ರಿಂದ 480, 5 ವ್ಯಾಟ್’ ಎಂದು ಬರೆದಿರುವ ಅಗ್ಗದ ಸೆಟ್ ಬೇಡವೇ ಬೇಡ. ಅದರ ಗುಂಡಿ ತಿರುಗಿಸಿದರೆ ಮಲ್ಪೆಯ ಬೋಟುಗಳ ಚಾನಲ್ 16ರ ಮೇಲೂ ಮಾತಾಡಬಹುದು, ‘ಪಾರ್ಕಿಂಗ್ ಫುಲ್ ಮಾರಾಯ್ರೆ’ ಎಂದು. ಅನುಮೋದನೆಯಿಲ್ಲದ ಇಂಥ ಸೆಟ್‌ಗಳ ಆನ್‌ಲೈನ್ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ತಂದಿದೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸನ್ಸ್ ಇದ್ದವರು ಬಳಸಬಹುದಲ್ಲ ಎಂದರೆ, ಅವರು ತಮ್ಮ ಬ್ಯಾಂಡಿನಲ್ಲಿ ಮಾತ್ರ. ಸ್ವಯಂಸೇವಕರ ಕೈಗೆ ಕೊಡುವ ಹಾಗಿಲ್ಲ.

ಮನೆಯಲ್ಲಿ ಮೊಬೈಲ್ ರೇಂಜ್ ಇಲ್ಲ. ಬೂಸ್ಟರ್ ಹಾಕಬಹುದೇ?

ಇಲ್ಲ. ಖಾಸಗಿಯವರು ಮೊಬೈಲ್ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದು ಕಾನೂನುಬಾಹಿರ, ಜಾಮರ್ ಕೂಡ. ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ: ಹೊರಗಿನ ಆಂಟೆನಾ ಮತ್ತು ಒಳಗಿನ ಆಂಟೆನಾ ಹತ್ತಿರವಾದರೆ, ಮೈಕ್ ಸ್ಪೀಕರಿನ ಎದುರು ಬಂದಾಗ ಕೂಗುವಂತೆ, ಬೂಸ್ಟರ್ ಕೂಗತೊಡಗುತ್ತದೆ. ಆ ಕೂಗು ಟವರಿನ ಕಿವಿಗೆ ನೇರ ಬೀಳುತ್ತದೆ, ಇಡೀ ವಠಾರದ ಕರೆ ಕಡಿಯುತ್ತದೆ. ಕಂಪನಿಯವರು ಹುಡುಕಿಕೊಂಡು ಬರುವುದು ಆಗಲೇ.

ಮನೆಗೆ ಫೈಬರ್ ಇದ್ದರೆ ಫೋನಿನ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಹಾಕಿಕೊಳ್ಳಿ. ಬೆಳ್ತಂಗಡಿ, ಹೆಬ್ರಿ ಕಡೆಯ ತೋಟದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಖರ್ಚೂ ಇಲ್ಲ.

ಕಾರಿನ ರಿಮೋಟ್ ಒಂದೇ ಒಂದು ಜಾಗದಲ್ಲಿ ಕೆಲಸ ಮಾಡುವುದಿಲ್ಲ.

ಹೆಚ್ಚಿನ ರಿಮೋಟ್ 433.92 ಮೆಗಾಹರ್ಟ್ಸ್. ಅಲ್ಲೇ ಗೇಟಿನ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್ ಎಲ್ಲವೂ ಇವೆ. ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡ ಒಂದು ರಿಮೋಟ್ ಸಾಕು ಪಾರ್ಕಿಂಗ್ ಪೂರ್ತಿ ಕೆಡಿಸಲು. ಕೀಲಿಯೊಳಗೆ ಮಡಚಿಟ್ಟ ಲೋಹದ ಕೀಯಿಂದ ಬಾಗಿಲು ತೆರೆಯಿರಿ, ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಬೇರೆ ಜಾಗದಲ್ಲೂ ಹತ್ತಿರ ಹೋದರೆ ಮಾತ್ರ ತೆರೆಯುತ್ತದೆ ಎಂದಾದರೆ ಸೆಲ್ ಬದಲಿಸಿ.

ಪೇಸ್‌ಮೇಕರ್ ಹಾಕಿದವರು ಮನೆಯಲ್ಲಿ ಏನು ಜಾಗ್ರತೆ ವಹಿಸಬೇಕು?

ನಿಮ್ಮ ಹೃದ್ರೋಗ ವೈದ್ಯರು ಮತ್ತು ಪೇಸ್‌ಮೇಕರ್ ಜೊತೆ ಕೊಟ್ಟ ಪುಸ್ತಿಕೆ ಹೇಳಿದ್ದೇ ಕೊನೆಯ ಮಾತು. ಸಾಮಾನ್ಯ ಅಂತರಗಳು ಇಷ್ಟು: ಫೋನ್ ಮತ್ತು ಇಯರ್‌ಫೋನ್ ಡಬ್ಬಿ 15 ಸೆಂಟಿಮೀಟರ್ ದೂರ, ಫೋನ್ ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30, ಇಂಡಕ್ಷನ್ ಒಲೆಯಿಂದ 60. ಅಂಗಿಯ ಎದೆಕಿಸೆಯಲ್ಲಿ ಫೋನ್ ಇಡಬಾರದು, ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿಯಬೇಕು.

ಇಲ್ಲಿ ರೇಡಿಯೊ ಅಲೆಗಿಂತ ಆಯಸ್ಕಾಂತದ ಭಯ ಹೆಚ್ಚು. ಪೇಸ್‌ಮೇಕರಿನೊಳಗೆ ಆಯಸ್ಕಾಂತ ಗುರುತಿಸುವ ಸ್ವಿಚ್ ಇರುತ್ತದೆ, ವೈದ್ಯರು ಪರೀಕ್ಷೆಗೆ ಬಳಸುವಂಥದ್ದು. ಫೋನಿನ ಹಿಂಬದಿಯ ಆಯಸ್ಕಾಂತ ಎದೆಗೆ ಒತ್ತಿದರೆ ಅದೇ ಸ್ವಿಚ್ ಬದಲಾಗಬಹುದು. ದೂರ ಸರಿಸಿದಾಗ ಮೊದಲಿನಂತಾಗುತ್ತದೆ. ತಲೆ ತಿರುಗಿದಂತಾದರೆ ಮೊದಲು ಆ ವಸ್ತುವಿನಿಂದ ದೂರ ಹೋಗಿ, ಆಮೇಲೆ ವೈದ್ಯರಿಗೆ ಹೇಳಿ. ಮಾಲ್‌ನ ಕಳ್ಳತನ ತಡೆಯುವ ಗೇಟಿನಲ್ಲಿ ನಡೆದು ದಾಟಿ; ಒರಗಿ ನಿಲ್ಲಬೇಡಿ.

ಮನೆ ಪಕ್ಕದಲ್ಲೇ ಟವರ್ ಬಂದಿದೆ.

ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ಕಿವಿಗೆ ತಾಗಿಸುವ ಫೋನಿನ ಮಿತಿ ಒಂದು ಗ್ರಾಂ ಅಂಗಾಂಶದ ಲೆಕ್ಕದಲ್ಲಿ ಕಿಲೋಗೆ 1.6 ವ್ಯಾಟ್, *#07# ಒತ್ತಿದರೆ ಹಲವು ಫೋನುಗಳು ತಮ್ಮ ಅಂಕಿ ತೋರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ, ಅಂದರೆ ‘ಸಾಧ್ಯತೆ ಇರಬಹುದಾದ, ಆದರೆ ಆಧಾರ ಸಾಲದ’ ಸಾಲಿಗೆ ಸೇರಿಸಿದೆ.

ಚಿಂತಿಸುವುದಾದರೆ ಟವರಿಗಿಂತ ರೇಂಜ್ ಇಲ್ಲದ ಜಾಗವನ್ನು ಚಿಂತಿಸಿ. ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗುತ್ತದೆ: 4ಜಿಯಲ್ಲಿ 200 ಮಿಲಿವ್ಯಾಟ್‌ವರೆಗೆ, 900ರ 2ಜಿಯಲ್ಲಿ 2 ವ್ಯಾಟ್‌ವರೆಗೆ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಬ್ಯಾಟರಿ ಬೇಗ ಇಳಿಯುವುದು, ಫೋನ್ ಬಿಸಿಯಾಗುವುದು ಇದಕ್ಕೇ. ಅಲ್ಲಿ ಸ್ಪೀಕರ್ ಹಾಕಿ ಮಾತಾಡಿ, ಇಲ್ಲವೇ ಏರ್‌ಪ್ಲೇನ್ ಮೋಡಿಗೆ ಹಾಕಿ.

ಜೂನ್ ಬಂದ ಕೂಡಲೇ ಡಿಶ್ ನಿಲ್ಲುತ್ತದೆ, ಮಳೆ ಬಿಟ್ಟರೂ ಸರಿಯಾಗುವುದಿಲ್ಲ.

ಜಡಿಮಳೆಯಲ್ಲಿ ನಿಂತು, ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಬಂದರೆ ಅದು 12 ಗಿಗಾಹರ್ಟ್ಸ್ ಆಸುಪಾಸಿನ ಅಲೆಯನ್ನು ಮಳೆಹನಿ ಹೀರುವುದು. ಅದಕ್ಕೆ ಮದ್ದಿಲ್ಲ, ಕಾಯಬೇಕು. ಮಳೆ ಬಿಟ್ಟ ಮೇಲೂ ಬಾರದಿದ್ದರೆ ಕನೆಕ್ಟರಿನೊಳಗೆ ನೀರು. ಸ್ಕ್ರೂ ಬಿಚ್ಚಿ ನೋಡಿ: ನಡುವಿನ ತಾಮ್ರದ ತಂತಿಯಲ್ಲಿ ಹಸಿರು ಕಿಲುಬು, ಜಾಲರಿ ಕಪ್ಪಾಗಿರುತ್ತದೆ. ಒರೆಸಿ ಮತ್ತೆ ಹಾಕುವುದು ಎರಡು ವಾರದ ಮಾತು. ಕಪ್ಪಾದ ಭಾಗ ಮುಗಿಯುವವರೆಗೆ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತಾ ಕೆಳಗಿನಿಂದ ಮೇಲಕ್ಕೆ ಸುತ್ತಿ. ಮನೆಯೊಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಬಾಗಿ ಏರಬೇಕು, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಲಿ.

ಉಪ್ಪುಗಾಳಿಗೆ ತುಕ್ಕು ಹಿಡಿದ ಕ್ಲ್ಯಾಂಪ್, ನಟ್ಟುಗಳು ಇನ್ನೊಂದು ಕಿತಾಪತಿ ಮಾಡುತ್ತವೆ. ತುಕ್ಕಿನ ಪದರ ಎರಡು ಲೋಹದ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನಂತೆ ವರ್ತಿಸಿ, ಮೈಕಿನ ಪ್ರಶ್ನೆಯಲ್ಲಿ ಹೇಳಿದ ಭೂತಗಳನ್ನೇ ಹುಟ್ಟಿಸುತ್ತದೆ. ಗಾಳಿ ಬಂದಾಗ ಮಾತ್ರ ಅಡಚಣೆ ಬಂದುಹೋಗುತ್ತಿದ್ದರೆ ಟೆರೇಸಿಗೆ ಹತ್ತಿ ಕಂಬ ಅಲ್ಲಾಡಿಸಿ ನೋಡಿ.

ಎಲ್ಲ ಆರಿಸಿ ನೋಡಿದ್ದಾಯಿತು, ಅಡಚಣೆ ಹೊರಗಿನದ್ದೇ. ಯಾರಿಗೆ ದೂರು?

ವೈಫೈ, ಬ್ಲೂಟೂತ್, ಕಾರಿನ ರಿಮೋಟಿನಂಥ ಲೈಸನ್ಸ್ ಇಲ್ಲದ ಸಾಧನಗಳಿಗೆ ನಿಯಮದಲ್ಲೇ ರಕ್ಷಣೆ ಇಲ್ಲ: ಇತರರಿಗೆ ತೊಂದರೆ ಕೊಡಬಾರದು, ಬಂದ ತೊಂದರೆ ಸಹಿಸಬೇಕು. ಮೊಬೈಲ್ ರೇಂಜ್ ತೊಂದರೆಗೆ ನಿಮ್ಮ ಕಂಪನಿಗೆ ಬರೆದು ದೂರಿನ ಸಂಖ್ಯೆ ಪಡೆಯಿರಿ. ವಿಎಚ್‌ಎಫ್‌ನಂಥ ಲೈಸನ್ಸ್ ಇರುವ ಸೆಟ್‌ಗೆ ಅಡಚಣೆಯಾದರೆ ಅದನ್ನು ನೋಡುವುದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ. ಅದರ ಒಂದು ಕೇಂದ್ರ ಮಂಗಳೂರಿನಲ್ಲೇ ಇದೆ.

‘ಡಿಸ್ಟರ್ಬ್ ಆಗುತ್ತದೆ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಫ್ರೀಕ್ವೆನ್ಸಿ ಅಥವಾ ಚಾನಲ್, ಶುರುವಾದ ಮತ್ತು ನಿಂತ ಗಂಟೆ, ಒಂದು ನಿಮಿಷದ ಧ್ವನಿಮುದ್ರಣ, ಸಾಧ್ಯವಾದರೆ ದಿಕ್ಕು. ದಿಕ್ಕು ಹಿಡಿಯಲು ಯಂತ್ರ ಬೇಡ. ಕೈಯಲ್ಲಿ ಹಿಡಿಯುವ ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಧಾನ ಸುತ್ತು ತಿರುಗಿ. ಗದ್ದಲ ಅತಿ ಕಡಿಮೆಯಾದಾಗ ಅದರ ಮೂಲ ನಿಮ್ಮ ಬೆನ್ನ ಹಿಂದಿದೆ, ನಿಮ್ಮ ಮೈಯೇ ಅದನ್ನು ತಡೆದಿದೆ. ಆ ಗೆರೆಯನ್ನು ಫೋನಿನ ನಕ್ಷೆಯಲ್ಲಿ ಗುರುತಿಸಿ, ಅರ್ಧ ಕಿಲೋಮೀಟರ್ ಆಚೆ ಹೋಗಿ ಮತ್ತೊಂದು ಗೆರೆ ಎಳೆಯಿರಿ. ಎರಡೂ ಗೆರೆ ಕೂಡುವ ಜಾಗವನ್ನು ದೂರಿನಲ್ಲಿ ಬರೆಯಿರಿ.